ಸಿನ್ಸ್ 1952, ಅಂಟಿಸಿದ್ದು ಮೊನ್ನೆ

ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಲ್ಲಿ ಹಳೇ ಬಿಲ್ಡಿಂಗ್ ನೋಡೋದಕ್ಕೆ ಇರುವುದು ಒಂದೇ ದಾರಿ. ಯಾರಾದರೂ ಬೋರ್ಡ್ ಬದಲಾಯಿಸುವ ದಿನ ಹೋಗಿ ಎದುರಿಗೆ ನಿಲ್ಲಬೇಕು.

ಮೊನ್ನೆ ನನಗೆ ಆ ಭಾಗ್ಯ ಸಿಕ್ಕಿತು. ಖಾಲಿಯಾದ ಮೊಬೈಲ್ ಅಂಗಡಿಯ ಫ್ಲೆಕ್ಸ್ ಬಿಚ್ಚುತ್ತಿದ್ದರು. ಫ್ಲೆಕ್ಸನ್ನು ರಾಜ್ಯದಲ್ಲಿ 2016ರಲ್ಲೇ ನಿಷೇಧಿಸಿದ್ದಾರೆ, ಹಾಗಾಗಿ ಅದು ಅಲ್ಲಿ ಇರಲೇ ಇಲ್ಲ ಅಂತ ಲೆಕ್ಕ. ಇಲ್ಲದ ಫ್ಲೆಕ್ಸಿನ ಹಿಂದೆ ಹಳದಿ ತಗಡು: ಎಸ್‌ಟಿಡಿ, ಐಎಸ್‌ಡಿ, ಪಿಸಿಓ. ತಗಡು ಕಿತ್ತರೆ ಗೋಡೆಯ ಮೇಲೆ ಪೇಂಟರ್ ಕೈಬರಹ. ಕಾಫಿ ಪುಡಿ ಅಂಗಡಿ, ಫೋನ್ ನಂಬರ್ ಮೂರೇ ಅಂಕಿ. ಪಿನ್ ಕೋಡ್ ಇಲ್ಲ, ಅಂದರೆ 1972ಕ್ಕೂ ಹಿಂದಿನದು ಇರಬಹುದು ಅಂದುಕೊಂಡೆ. ಕೆಳಗೆ 'ಮೈಸೂರು ರಾಜ್ಯ' ಅಂತಿತ್ತು. ನಾವು ಕರ್ನಾಟಕ ಆಗಿದ್ದು 1973ರ ನವೆಂಬರಿನಲ್ಲಿ. ಅನುಮಾನ ಮುಗಿಯಿತು.

ಎಲ್ಲಕ್ಕಿಂತ ಮೇಲೆ, ಪಾರಿವಾಳದ ಹಿಕ್ಕೆಯ ನಡುವೆ, ಗಾರೆಯ ಉಬ್ಬು ಅಂಕಿ: ೧೯೩೮. ಆಗ ಜಿಲ್ಲೆಗೆ ಕಡೂರು ಜಿಲ್ಲೆ ಅಂತಲೇ ಹೆಸರು.

"ಏನು ಬರುತ್ತೆ ಇಲ್ಲಿ?" ಅಂದೆ.

"ಹೆರಿಟೇಜ್ ಕೆಫೆ ಸಾರ್. ಇದನ್ನೆಲ್ಲ ಮುಚ್ಚಿ ಎಸಿಪಿ ಶೀಟ್ ಹೊಡೀತೀವಿ."

ಹೊಸ ಬೋರ್ಡ್ ಗೋಡೆಗೆ ಒರಗಿತ್ತು. 'ಹೆರಿಟೇಜ್ ಕೆಫೆ, ಸಿನ್ಸ್ 1952'. ಅರವತ್ತು ಪರ್ಸೆಂಟ್ ಕನ್ನಡ ಇರಬೇಕು ಅಂತ 2024ರ ಕಾನೂನು ಇದೆಯಲ್ಲ, ಅದಕ್ಕೆ 'ಹೆರಿಟೇಜ್' ಕೂಡ ದಪ್ಪ ಕನ್ನಡ ಅಕ್ಷರದಲ್ಲೇ ಇತ್ತು. ನೂರಕ್ಕೆ ನೂರು ಕನ್ನಡದ ಗೋಡೆ ಮುಚ್ಚಿ ನೂರಕ್ಕೆ ಅರವತ್ತು ಪಾಲಿಸುವುದು. ತಪ್ಪು ಹಿಡಿಯೋಕೆ ಯಾರಿಂದಲೂ ಆಗಲ್ಲ ಬಿಡಿ.

"1952 ಯಾಕೆ?"

"ಡಿಸೈನರ್ ಹಾಕಿದ್ದು. ಲೋಗೋ ಕೆಳಗೆ ಚೆನ್ನಾಗಿ ಕೂರುತ್ತೆ."

"ಮೇಲೆ ನಿಜವಾದ ಇಸವಿನೇ ಇದೆಯಲ್ಲಪ್ಪ!"

ಆತ ಕತ್ತೆತ್ತಿ ನೋಡಿದ. "ಅದು ನಂಬರಾ ಸಾರ್? ಹೂವಿನ ಡಿಸೈನ್ ಅಂದ್ಕೊಂಡಿದ್ವಿ."

ಓದಿ ಹೇಳಿದೆ. ಅರೆಗಳಿಗೆ ಯೋಚಿಸಿದ. "1938 ಅಂದ್ರೆ ಜನ ನಂಬಲ್ಲ ಸಾರ್, ಸುಮ್ನೆ ಬಿಡ್ತಾರೆ ಅಂತಾರೆ. 1952ನೇ ಇರ್ಲಿ."

ಅಷ್ಟರಲ್ಲಿ ಏಣಿಯ ಮೇಲಿನ ಹುಡುಗ ಡ್ರಿಲ್ ಆನ್ ಮಾಡಿದ. ಗಾರೆ ಪುಡಿ ನನ್ನ ಕನ್ನಡಕದ ಮೇಲೆ ಉದುರಿತು.

"ಅಣ್ಣಾ, ಈ ಒಂಬತ್ತರ ಹೊಟ್ಟೆಯಲ್ಲಿ ಸ್ಕ್ರೂ ಸೂಪರಾಗಿ ಕೂತ್ಕೊಳ್ತು!"