ಕೆರೆಗೆ ಬಿಟ್ಟಿದ್ದು ಕ್ಯಾಟ್‌ಫಿಶ್ ಮರಿಯಲ್ಲ
'ಮೀನುಗಾರಿಕೆ ಇಲಾಖೆಯವರೇ ನಮ್ಮ ಕೆರೆಗಳಿಗೆ ಆಫ್ರಿಕನ್ ಕ್ಯಾಟ್‌ಫಿಶ್ ಬಿಡ್ತಿದ್ದಾರೆ, ಮೀಸೆ ನೋಡಿ' ಅಂತ ವಾಟ್ಸಾಪ್‌ನಲ್ಲಿ ಒಂದು ಸಂದೇಶ ಓಡಾಡುತ್ತಿದೆ. ಇದು ತಪ್ಪು.

ಇಲಾಖೆ ಕೆರೆಗಳಿಗೆ ಕೊಡುವುದು ಮುಖ್ಯವಾಗಿ ಕಾಟ್ಲಾ, ರೋಹು, ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ಮರಿಗಳನ್ನು. ಈ ಸಾಮಾನ್ಯ ಗೆಂಡೆಗೂ ಮೀಸೆ ಇದೆ! ಗೊಂದಲ ಆಗುವುದು ಇಲ್ಲೇ. ಒಂದು ಮರಿಯನ್ನು ಒದ್ದೆ ಅಂಗೈ ಮೇಲಿಟ್ಟು ನೋಡಿ. ಬಾಯಿಯ ಅಂಚಿನಲ್ಲಿ ನಾಲ್ಕೇ ಗಿಡ್ಡ ಮೀಸೆ, ಮೈತುಂಬ ಹೊಳೆಯುವ ಹುರುಪೆ ಇದ್ದರೆ ಅದು ಗೆಂಡೆ. ಆಫ್ರಿಕನ್ ಕ್ಯಾಟ್‌ಫಿಶ್‌ಗೆ ಎಂಟು ಉದ್ದ ಮೀಸೆ, ತಲೆ ಚಪ್ಪಟೆ. ಮೈಗೆ ಹುರುಪೆಯೇ ಇಲ್ಲ, ಮುಟ್ಟಿದರೆ ಜಾರುತ್ತದೆ.

ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಯನ್ನು ಕೇಂದ್ರ ಸರ್ಕಾರ 2000ದಲ್ಲೇ ನಿಷೇಧಿಸಿದೆ. ಕೆರೆಯ ಬೇರೆ ಮೀನುಗಳನ್ನೆಲ್ಲ ಅದು ತಿನ್ನುತ್ತದೆ. ಗಾಳಿಯನ್ನೂ ಉಸಿರಾಡುವುದರಿಂದ ಕೆಟ್ಟ ನೀರಲ್ಲೂ ಬದುಕುತ್ತದೆ. ಆದರೂ ಕೆಲವರು ಕದ್ದು ಸಾಕುತ್ತಾರೆ, ಮಳೆಗೆ ಹೊಂಡ ತುಂಬಿದರೆ ಅವು ಹೊಳೆ ಸೇರುತ್ತವೆ. ನಿಜವಾದ ಭಯ ಇದು.

ಗೆಂಡೆಯೂ ಹೊರಗಿನಿಂದ ಬಂದದ್ದೇ ಅಲ್ವಾ ಅಂತ ಕೇಳಿದರೆ, ಹೌದು. ಆ ಪ್ರಶ್ನೆ ಸರಿಯಾಗಿಯೇ ಇದೆ. ನಮ್ಮ ಹೊಳೆಗಳದ್ದೇ ಆದ ಮಹಶೀರ್ ಮರಿಗಳನ್ನು ಇಲಾಖೆ ಕೊಡಗಿನ ಹಾರಂಗಿಯಲ್ಲಿ ಬೆಳೆಸುತ್ತದೆ. ಅಂಥ ಕೆಲಸ ಇನ್ನೂ ಜಾಸ್ತಿ ಆಗಬೇಕು.

ನಿಮ್ಮೂರಲ್ಲಿ ಯಾರಾದರೂ ಆಫ್ರಿಕನ್ ಕ್ಯಾಟ್‌ಫಿಶ್ ಸಾಕುತ್ತಿದ್ದರೆ ತಾಲ್ಲೂಕಿನ ಮೀನುಗಾರಿಕೆ ಕಚೇರಿಗೆ ತಿಳಿಸಿ.