ಉಳುವ, ಮೇಯಿಸುವ ನೆಲ ರಾಷ್ಟ್ರೀಯ ಉದ್ಯಾನವಾಗಬೇಕೆ? ಪರ-ವಿರೋಧ

ಸಾಗುವಳಿಯಲ್ಲಿರುವ ಅಥವಾ ದನಕುರಿಗಳು ಮೇಯುತ್ತಿರುವ ಭೂಮಿಯನ್ನು ಕೊಂಡೋ ಸ್ವಾಧೀನಪಡಿಸಿಕೊಂಡೋ ರಾಷ್ಟ್ರೀಯ ಉದ್ಯಾನಕ್ಕೆ ಸೇರಿಸುವ ಪ್ರಸ್ತಾವ ಬಂದಾಗಲೆಲ್ಲ ಸುತ್ತಲಿನ ಗ್ರಾಮೀಣ ಸಮುದಾಯಗಳು ಆತಂಕಗೊಳ್ಳುತ್ತವೆ. 2022ರ ಡಿಸೆಂಬರ್‌ನಲ್ಲಿ ಮಾಂಟ್ರಿಯಲ್‌ನಲ್ಲಿ ಅಂಗೀಕಾರಗೊಂಡ ಜಾಗತಿಕ ಜೀವವೈವಿಧ್ಯ ಚೌಕಟ್ಟು 2030ರೊಳಗೆ ಭೂಭಾಗದ ಶೇ 30ರಷ್ಟನ್ನೂ ಕಡಲಿನ ಶೇ 30ರಷ್ಟನ್ನೂ ಸಂರಕ್ಷಣೆಗೆ ಒಳಪಡಿಸುವ ಗುರಿ ಇಟ್ಟಿರುವುದರಿಂದ, ಇಂತಹ ಪ್ರಸ್ತಾವಗಳು ಇನ್ನಷ್ಟು ಊರುಗಳ ಮುಂದೆ ಬರಲಿವೆ.

ಪರ: ಫಲವತ್ತಾದ ನೆಲಕ್ಕೂ ಕಾಡಿನ ಪಾಲು ಸಲ್ಲಬೇಕು

ಅಮೆರಿಕದ ಯೆಲ್ಲೋಸ್ಟೋನ್ 1872ರಲ್ಲಿ ರಾಷ್ಟ್ರೀಯ ಉದ್ಯಾನವಾದ ನಂತರದ ಒಂದೂವರೆ ಶತಮಾನದ ನಕ್ಷೆಯನ್ನು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಸಂರಕ್ಷಿತ ಪ್ರದೇಶಗಳಲ್ಲಿ ಹೆಚ್ಚಿನವು ಕಡಿದಾದ, ಎತ್ತರದ, ಚಳಿಯ ಅಥವಾ ತೀರ ಒಣಗಿದ ಜಾಗಗಳಲ್ಲಿವೆ. ಬೇಸಾಯಕ್ಕೆ ಯಾರಿಗೂ ಬೇಡವಾದ ನೆಲವನ್ನೇ ನಾವು ಕಾಡುಪ್ರಾಣಿಗಳಿಗೆ ಬಿಟ್ಟುಕೊಟ್ಟಿದ್ದೇವೆ. ಆದರೆ ಹಕ್ಕಿಗಳಿಗೂ ಹುಲ್ಲೆಗಳಿಗೂ ಕೀಟಗಳಿಗೂ ಬೇಕಾಗಿರುವುದು ನಮಗೆ ಬೇಕಾಗಿರುವ ನೆಲವೇ: ನದಿಯ ಇಕ್ಕೆಲದ ಮೆಕ್ಕಲು ಬಯಲು, ತಗ್ಗಿನ ಹುಲ್ಲುಗಾವಲು, ನೀರು ನಿಲ್ಲುವ ಜೌಗು. ಸಮಶೀತೋಷ್ಣ ವಲಯದ ಹುಲ್ಲುಗಾವಲುಗಳು ಇಂದು ಜಗತ್ತಿನಲ್ಲಿ ಅತಿ ಕಡಿಮೆ ರಕ್ಷಣೆ ಪಡೆದ ಪರಿಸರ ವ್ಯವಸ್ಥೆಗಳ ಸಾಲಿನಲ್ಲಿರುವುದಕ್ಕೆ, ಅವು ಬಹುಬೇಗ ನೇಗಿಲಿಗೆ ಒಲಿದದ್ದೇ ಮುಖ್ಯ ಕಾರಣ. ಕೃಷಿಭೂಮಿಯನ್ನು ಮುಟ್ಟಲೇಬಾರದು ಎಂದು ಹಟ ಹಿಡಿದರೆ ಇವುಗಳನ್ನು ಉಳಿಸುವುದು ಸಾಧ್ಯವೇ ಇಲ್ಲ.

ಒಮ್ಮೆ ಉತ್ತ ಅಥವಾ ಮೇಯಿಸಿ ಸವೆದ ನೆಲ ಮತ್ತೆ ಕಾಡಾಗದು ಎಂಬ ವಾದವನ್ನು ಕೋಸ್ಟರಿಕದ ಗ್ವಾನಕಾಸ್ಟೆ ಪ್ರಾಂತ್ಯ ಸುಳ್ಳಾಗಿಸಿದೆ. ಅಲ್ಲಿನ ಒಣ ಉಷ್ಣವಲಯದ ಕಾಡು ದನ ಸಾಕಣೆಗಾಗಿ ಕಡಿದುಹೋಗಿ, ಆಫ್ರಿಕಾ ಮೂಲದ ಜರಾಗುವ ಹುಲ್ಲು ಹಬ್ಬಿ, ಬೇಸಿಗೆಯ ಬೆಂಕಿಗೆ ಸಸಿಗಳೆಲ್ಲ ಸುಟ್ಟುಹೋಗುತ್ತಿದ್ದ ಕಾಲದಲ್ಲಿ, 1971ರಲ್ಲಿ ಸ್ಥಾಪನೆಯಾದ ಸಾಂಟಾ ರೋಸಾ ಉದ್ಯಾನದ ಸುತ್ತಲಿನ ದನಗಾವಲುಗಳನ್ನು 1980ರ ದಶಕದ ನಡುವಿನಿಂದ ದೇಣಿಗೆಯ ಹಣದಲ್ಲಿ ಕೊಳ್ಳಲಾರಂಭಿಸಿದರು. ಜೀವವಿಜ್ಞಾನಿ ಡೇನಿಯಲ್ ಜಾನ್ಜೆನ್ ಮತ್ತು ಅವರ ಸಂಗಡಿಗರು ಅನುಸರಿಸಿದ ಉಪಾಯ ಸರಳವಾಗಿತ್ತು. ಬೆಂಕಿಯನ್ನು ತಡೆದರೆ ಗಾಳಿ, ಹಕ್ಕಿ ಮತ್ತು ಪ್ರಾಣಿಗಳು ತರುವ ಬೀಜಗಳಿಂದ ಕಾಡು ತಾನಾಗಿ ಬರುತ್ತದೆ ಎಂದು ಅವರು ನಂಬಿದರು. ಬೆಂಕಿಗೆ ಆಹಾರವಾಗುವ ಹುಲ್ಲನ್ನು ತಗ್ಗಿಸಲು ಮೊದಲ ವರ್ಷಗಳಲ್ಲಿ ದನಗಳನ್ನೇ ಮೇಯಲು ಬಿಟ್ಟರು. ಈ ಕೆಲಸಕ್ಕೆ ದೂರದ ನಗರದಿಂದ ಸಿಬ್ಬಂದಿಯನ್ನು ತರದೆ, ಆ ನೆಲದ ಗಾಳಿ ಬೀಸುವ ದಿಕ್ಕನ್ನೂ ಬೆಂಕಿಯ ನಡೆಯನ್ನೂ ಬಲ್ಲ ಸ್ಥಳೀಯರನ್ನೇ ನೇಮಿಸಿಕೊಂಡದ್ದು ಆ ಪ್ರಯತ್ನದ ಗೆಲುವಿಗೆ ದೊಡ್ಡ ಕಾರಣ ಎಂದು ನನಗೆ ಅನ್ನಿಸುತ್ತದೆ. 1999ರಲ್ಲಿ ಆ ಇಡೀ ಪ್ರದೇಶ ವಿಶ್ವ ಪರಂಪರೆಯ ತಾಣವಾಯಿತು.

ಅರ್ಜೆಂಟೀನಾದ ಇಬೆರಾ ಜೌಗು ಪ್ರದೇಶದ ಕಥೆಯೂ ಇದಕ್ಕೆ ಹತ್ತಿರದ್ದು. ವಿದೇಶಿ ದಾನಿಗಳು ಅಲ್ಲಿನ ದೊಡ್ಡ ದೊಡ್ಡ ಜಾನುವಾರು ಜಮೀನುಗಳನ್ನು ಕೊಂಡಾಗ ಜನ ಸಂಶಯದಿಂದಲೇ ನೋಡಿದರು. 2018ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು, 2021ರಲ್ಲಿ ದಶಕಗಳ ಹಿಂದೆಯೇ ಕಣ್ಮರೆಯಾಗಿದ್ದ ಜಾಗ್ವಾರ್ ಅಲ್ಲಿಗೆ ಮರಳಿತು, ಅದನ್ನು ನೋಡಬಯಸುವ ಪ್ರವಾಸಿಗರಿಂದ ಸುತ್ತಲಿನ ಸಣ್ಣ ಊರುಗಳಿಗೆ ಹೊಸ ಆದಾಯವೂ ಹುಟ್ಟಿತು.

ಮಾರುವ ರೈತನ ಕಡೆಯಿಂದಲೂ ಯೋಚಿಸಬೇಕು. ಮಳೆ ಕೈಕೊಡುವ, ಇಳಿಜಾರಿನ, ಮಣ್ಣು ತೆಳುವಾದ ಜಮೀನಿನಲ್ಲಿ ಸಾಲದ ಮೇಲೆ ಸಾಲ ಮಾಡುತ್ತ, ಮುಂದುವರಿಸಲು ಮಕ್ಕಳೂ ಇಲ್ಲದೆ ಕುಳಿತವರಿಗೆ ನ್ಯಾಯವಾದ ಬೆಲೆ ಕೊಡುವ ಖರೀದಿದಾರ ಸಿಗುವುದು ಸಣ್ಣ ಮಾತಲ್ಲ. ಅವರು ಸ್ವಇಚ್ಛೆಯಿಂದ ಮಾರುವಾಗ, ಊರಿನ ಹಿತಕ್ಕಾಗಿ ನೀವು ನಷ್ಟದ ಬೇಸಾಯವನ್ನೇ ಮಾಡುತ್ತಿರಿ ಎಂದು ನೆರೆಯವರು ಹೇಳುವುದು ಸರಿಯಲ್ಲ. ಅದೇ ಜಮೀನು ಗಣಿಗೋ ಬಡಾವಣೆಗೋ ಹೋದರೆ ಬೇಸಾಯವೂ ಉಳಿಯುವುದಿಲ್ಲ, ನೆಲವೂ ಉಳಿಯುವುದಿಲ್ಲ. ಉದ್ಯಾನವಾದ ಭೂಮಿ ತನ್ನ ಮಣ್ಣನ್ನೂ ನೀರನ್ನೂ ಇಟ್ಟುಕೊಂಡೇ ಇರುತ್ತದೆ. ಅದರ ಇಳಿಜಾರುಗಳು ಹಿಡಿದಿಟ್ಟ ನೀರು ಕೆಳಗಿನ ಹೊಲಗಳಿಗೇ ಹರಿದು ಬರುತ್ತದೆ. ಊರಿಗಾಗುವ ನಷ್ಟ ನಿಜ. ಹಣ, ಉದ್ಯೋಗ ಮತ್ತು ವ್ಯವಧಾನದಿಂದ ಅದನ್ನು ತುಂಬಿಕೊಡಲು ದಾರಿಗಳಿವೆ. ಕೊನೆಯ ನೆಲೆಯನ್ನೂ ಕಳೆದುಕೊಂಡ ಪ್ರಭೇದಕ್ಕೆ ಅಂತಹ ದಾರಿ ಒಂದೂ ಇಲ್ಲ.

ವಿರೋಧ: ಬೇಲಿಯ ಆಚೆ ಉಳಿದವರನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ?

ಮಾರುವವನ ಒಪ್ಪಿಗೆಯೊಂದೇ ಸಾಕು ಎಂಬ ಮಾತಿನಿಂದಲೇ ಭಿನ್ನಾಭಿಪ್ರಾಯ ಶುರುವಾಗುತ್ತದೆ. ಭೂಮಿ ಒಬ್ಬನ ಹೆಸರಿನಲ್ಲಿರಬಹುದು, ಆದರೆ ಅದರಿಂದ ಬದುಕುವವರು ಅನೇಕರು: ಗೇಣಿದಾರರು, ಕೂಲಿಕಾರರು, ಉಣ್ಣೆ ಕತ್ತರಿಸುವವರು, ಟ್ರ್ಯಾಕ್ಟರ್ ದುರಸ್ತಿ ಮಾಡುವವರು, ಬೀಜ-ಗೊಬ್ಬರ ಮಾರುವವರು, ಸರಕು ಸಾಗಿಸುವವರು. ದೊಡ್ಡದೊಂದು ಜಮೀನು ಬೇಸಾಯದಿಂದ ಹೊರಬಿದ್ದರೆ ಈ ಕೆಲಸಗಳಲ್ಲಿ ಕೆಲವು ಇಲ್ಲವಾಗುತ್ತವೆ, ಆ ಕುಟುಂಬಗಳು ಊರು ಬಿಡುತ್ತವೆ, ಶಾಲೆಯ ಹಾಜರಿ ಇಳಿಯುತ್ತದೆ, ಹಾಜರಿ ಇಳಿದ ಶಾಲೆಗೆ ಶಿಕ್ಷಕರು ಕಡಿಮೆಯಾಗುತ್ತಾರೆ. ಖರೀದಿ ಪತ್ರದಲ್ಲಿ ಇವರ ಯಾರ ಸಹಿಯೂ ಇರುವುದಿಲ್ಲ.

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದ ಟೂರಾಲಿ ಇದಕ್ಕೆ ಸ್ಪಷ್ಟ ನಿದರ್ಶನ. ಡಾರ್ಲಿಂಗ್ ಮತ್ತು ವಾರೆಗೊ ನದಿಗಳು ಕೂಡುವಲ್ಲಿದ್ದ, ಸುಮಾರು 91,000 ಹೆಕ್ಟೇರ್ ವಿಸ್ತಾರದ ಈ ಕುರಿ, ದನ ಮತ್ತು ಹತ್ತಿಯ ಜಮೀನನ್ನು 2008ರಲ್ಲಿ ರಾಜ್ಯ ಸರ್ಕಾರವು ಕೇಂದ್ರದ ನೆರವಿನೊಡನೆ 2.375 ಕೋಟಿ ಆಸ್ಟ್ರೇಲಿಯನ್ ಡಾಲರ್‌ಗೆ ಕೊಂಡಿತು. ನದಿಗೆ ನೀರು ಮರಳಿಸುವ ಉದ್ದೇಶ ಒಳ್ಳೆಯದೇ. ಆದರೆ ಹತ್ತಿರದ ಬರ್ಕ್ ಎಂಬ ಸಣ್ಣ ಪಟ್ಟಣ ಕೇಳಿದ ಪ್ರಶ್ನೆಗಳು ಬೇರೆಯವು. ಆ ಜಮೀನಿನಿಂದ ಸ್ಥಳೀಯ ಸಂಸ್ಥೆಗೆ ಬರುತ್ತಿದ್ದ ತೆರಿಗೆಯ ಗತಿಯೇನು, ಅಲ್ಲಿ ದುಡಿಯುತ್ತಿದ್ದವರ ಗತಿಯೇನು? ರಸ್ತೆಗಳನ್ನು ನೋಡಿಕೊಳ್ಳುವ ಹೊಣೆ ಹಾಗೆಯೇ ಉಳಿದು ಅದಕ್ಕೆ ಬರುತ್ತಿದ್ದ ಹಣ ಮಾತ್ರ ನಿಂತರೆ, ಆ ಭಾರ ಉಳಿದ ರೈತರ ಮೇಲೆಯೇ ಬೀಳುತ್ತದೆ.

ಉಳಿದ ರೈತರ ಕಷ್ಟ ಅಷ್ಟಕ್ಕೇ ಮುಗಿಯುವುದಿಲ್ಲ. ನಿನ್ನೆಯವರೆಗೆ ನಾಲ್ಕೂ ಕಡೆ ಜಮೀನುಗಳಿದ್ದವನು ಇಂದು ಕಾಡಂಚಿನವನಾಗುತ್ತಾನೆ. ಮೇಯುವುದು ನಿಂತ ನೆಲದಲ್ಲಿ ಒಣಹುಲ್ಲು ಆಳೆತ್ತರ ಬೆಳೆದು ಬೆಂಕಿಯ ಭಯ ಹೆಚ್ಚುತ್ತದೆ, ಕಳೆಗಳು ಬೇರೂರುತ್ತವೆ, ಹಂದಿಗಳೂ ಬೇಟೆಪ್ರಾಣಿಗಳೂ ಬೇಲಿ ದಾಟಿ ಬರುತ್ತವೆ. ಚಿಲಿಯ ಚಕಬೂಕೊ ಕಣಿವೆಯ ದೊಡ್ಡ ಕುರಿ ಜಮೀನನ್ನು 2004ರಲ್ಲಿ ದಾನಿಗಳು ಕೊಂಡು, ಕುರಿಗಳನ್ನು ಹೊರಗೆ ಸಾಗಿಸಿ, ತಂತಿಬೇಲಿಗಳನ್ನು ಕಿತ್ತಾಗ, ಪಕ್ಕದ ಕೊಕ್ರಾನೆ ಪಟ್ಟಣದವರು ಪ್ರತಿಭಟಿಸಿದ್ದು ಈ ಕಾರಣಗಳಿಗಾಗಿಯೇ. ತಲೆಮಾರುಗಳಿಂದ ಕುದುರೆಯೇರಿ ಕುರಿ ಕಾಯುತ್ತ ಬಂದವರ ಕಸುಬು ಅಲ್ಲಿಗೆ ನಿಂತಿತು. ಬೆಕ್ಕಿನ ಕುಲದ ದೊಡ್ಡ ಬೇಟೆಪ್ರಾಣಿಗಳಾದ ಪ್ಯೂಮಾಗಳು ಹೆಚ್ಚಿದರೆ ತಮ್ಮ ಮಂದೆಗಳಿಗೆ ಕಂಟಕ ಎಂಬ ಅಂಜಿಕೆ ನೆರೆಯ ಕುರಿಗಾರರಿಗಿತ್ತು. ಆ ಜಮೀನಿನಲ್ಲಿ ಕುರಿ ಕಾಯುತ್ತಿದ್ದವರಲ್ಲಿ ಕೆಲವರಿಗೆ ಉದ್ಯಾನದಲ್ಲಿ ಕೆಲಸ ದೊರೆತದ್ದು ಹೌದು, ಆ ನೆಲ ಆಗಲೇ ಅತಿಯಾಗಿ ಮೇಯಿಸಿ ಬಳಲಿದ್ದದ್ದೂ ಹೌದು. ಆದರೂ ಸ್ವಂತ ಕಸುಬನ್ನು ಬಿಟ್ಟು ಸಂಬಳದ ಕಾವಲುಗಾರನಾಗುವುದನ್ನು ಅಭಿವೃದ್ಧಿ ಎಂದು ಹೆಸರಿಸುವ ಹಕ್ಕು ಆತನಿಗೆ ಮಾತ್ರ ಇದೆ ಎಂದು ನಾನು ಭಾವಿಸುತ್ತೇನೆ.

ಸ್ವಇಚ್ಛೆಯ ಮಾರಾಟ ಎಂಬ ನಿಯಮ ಮುರಿದು ಬಲವಂತದ ಸ್ವಾಧೀನ ನಡೆದಲ್ಲಿ ಏನಾಯಿತೆಂಬುದಕ್ಕೆ ಅಮೆರಿಕದ ವರ್ಜೀನಿಯಾದ ಶೆನಂಡೋವಾ ಸಾಕ್ಷಿ. 1928ರಲ್ಲಿ ಆ ರಾಜ್ಯ ಪ್ರತ್ಯೇಕ ಕಾಯಿದೆಯನ್ನೇ ಮಾಡಿ ಬೆಟ್ಟದ ಸಾವಿರಕ್ಕೂ ಹೆಚ್ಚು ತುಂಡು ಜಮೀನುಗಳನ್ನು ವಶಕ್ಕೆ ತೆಗೆದುಕೊಂಡಿತು. 1935ರಲ್ಲಿ ಉದ್ಯಾನ ಸ್ಥಾಪನೆಯಾಗುವ ವೇಳೆಗೂ ಅನಂತರವೂ ನೂರಾರು ಕುಟುಂಬಗಳನ್ನು ಒಕ್ಕಲೆಬ್ಬಿಸಲಾಯಿತು. ಹಕ್ಕುಪತ್ರ ಇದ್ದವರಿಗೆ ಪರಿಹಾರ ದೊರೆಯಿತು. ಗೇಣಿಗೆ ಉಳುತ್ತಿದ್ದವರಿಗೆ, ತಲೆಮಾರುಗಳಿಂದ ಅಲ್ಲೇ ಇದ್ದೂ ಕಾಗದಪತ್ರವಿಲ್ಲದವರಿಗೆ ಭೂಮಿಯ ಬೆಲೆಯೆಂಬುದು ಬರಲೇ ಇಲ್ಲ. ಅವರ ಬಡತನವನ್ನೂ ಹಿಂದುಳಿದಿರುವಿಕೆಯನ್ನೂ ಉತ್ಪ್ರೇಕ್ಷಿಸಿ ಚಿತ್ರಿಸಿದ್ದು, ಅವರನ್ನು ಎಬ್ಬಿಸಿದರೆ ಅವರಿಗೇ ಒಳಿತು ಎಂಬ ವಾದಕ್ಕೆ ಆಸರೆಯಾಯಿತು. ಇಂದಿಗೂ ಪರಿಹಾರದ ಲೆಕ್ಕ ಅನೇಕ ಕಡೆ ದಾಖಲೆಯಲ್ಲಿರುವ ಹೆಸರಿನಿಂದಲೇ ಶುರುವಾಗಿ ಅಲ್ಲಿಗೇ ನಿಲ್ಲುತ್ತದೆ. ಗಂಡನ ಹೆಸರಿನಲ್ಲಿರುವ ಹೊಲದಲ್ಲಿ ಬದುಕಿಡೀ ದುಡಿದ ಹೆಂಗಸು ಆ ಲೆಕ್ಕದಲ್ಲಿ ಎಲ್ಲೂ ಕಾಣಿಸುವುದಿಲ್ಲ.

ಪರವಾದಿಗಳು ಅಷ್ಟಾಗಿ ಚರ್ಚಿಸದ ಇನ್ನೊಂದು ಸಂಗತಿಯೂ ಇದೆ. ಒಂದು ಕಡೆ ಬೆಳೆ ನಿಂತಾಗ ಉಣ್ಣುವವರ ಸಂಖ್ಯೆ ಇಳಿಯುವುದಿಲ್ಲ. ಒಳ್ಳೆಯ ಇಳುವರಿಯ ನೆಲವನ್ನು ಬೇಸಾಯದಿಂದ ತೆಗೆದರೆ ಆ ಧಾನ್ಯ, ಆ ಮಾಂಸ ಮತ್ತೆಲ್ಲಿಂದಲೋ ಬರಬೇಕು. ಆ ಮತ್ತೆಲ್ಲೋ ಎಂಬುದು ಬಹಳ ಸಲ ಕಾನೂನಿನ ಬಿಗಿ ಕಡಿಮೆಯಿರುವ ದೇಶದ ಹೊಸದಾಗಿ ಕಡಿದ ಕಾಡಾಗಿರುತ್ತದೆ. ಬಂಜರಾಗುತ್ತಿರುವ ಇಳಿಜಾರಿಗೆ ಈ ಆಕ್ಷೇಪ ಅಷ್ಟಾಗಿ ಅನ್ವಯಿಸದು. ಮೆಕ್ಕಲು ಬಯಲಿಗೆ ಖಂಡಿತ ಅನ್ವಯಿಸುತ್ತದೆ.

ಹಾಗಾದರೆ ಗ್ರಾಮಸ್ಥರು ಸಂರಕ್ಷಣೆಯನ್ನೇ ಬೇಡವೆನ್ನುತ್ತಾರೆಯೆ? ಸ್ವಿಟ್ಜರ್ಲೆಂಡಿನಲ್ಲಿ ಅಡುಲಾ ಎಂಬ ಎರಡನೆಯ ರಾಷ್ಟ್ರೀಯ ಉದ್ಯಾನದ ಪ್ರಸ್ತಾವವನ್ನು 2016ರಲ್ಲಿ ಅದರ ವ್ಯಾಪ್ತಿಯ 17 ಗ್ರಾಮಸಂಸ್ಥೆಗಳ ಮತಕ್ಕೆ ಹಾಕಿದರು. ಎಂಟು ಸಂಸ್ಥೆಗಳು ತಿರಸ್ಕರಿಸಿದ್ದರಿಂದ ಯೋಜನೆ ಬಿದ್ದುಹೋಯಿತು. ಉದ್ಯಾನದ ತಿರುಳು ಭಾಗದಲ್ಲಿ ಬರಲಿದ್ದ ನಿರ್ಬಂಧಗಳ ಬಗ್ಗೆ ಅವರಿಗೆ ಭಯವಿತ್ತು. ಈ ಫಲಿತಾಂಶ ಸಂರಕ್ಷಣಾವಾದಿಗಳಿಗೆ ಬೇಸರ ತಂದಿರಬಹುದು, ಆದರೆ ಕೇಳಬೇಕಾದವರನ್ನು ಅಲ್ಲಿ ಕೇಳಿದ್ದರು ಎಂಬುದು ಸಣ್ಣ ಸಂಗತಿಯಲ್ಲ. ಇನ್ನೊಂದೆಡೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1949ರ ಕಾಯಿದೆಯಡಿ ಘೋಷಿತವಾದ ಉದ್ಯಾನಗಳಲ್ಲಿ, 1951ರ ಮೊದಲ ಪೀಕ್ ಡಿಸ್ಟ್ರಿಕ್ಟ್‌ನಿಂದ ಹಿಡಿದು, ಹೆಚ್ಚಿನ ನೆಲ ಇಂದಿಗೂ ಖಾಸಗಿಯವರದೇ ಆಗಿದೆ ಮತ್ತು ಅಲ್ಲಿ ಬೇಸಾಯ ನಡೆದೇ ಇದೆ. ಕುರಿಗಳ ಅತಿ ಮೇಯುವಿಕೆಯಿಂದ ಅಲ್ಲಿನ ಜೀವವೈವಿಧ್ಯ ಸೊರಗಿದೆ ಎಂಬ ಟೀಕೆಯಲ್ಲಿ ಹುರುಳಿದೆ, ಆದ್ದರಿಂದ ಆ ಮಾದರಿಯನ್ನು ಹಾಗೆಯೇ ಎತ್ತಿ ತರಬೇಕೆಂದು ನಾನು ಹೇಳುವುದಿಲ್ಲ. ಮೇಯಿಸುವುದನ್ನು ಕಡಿಮೆ ಮಾಡುವ, ಹೊಳೆಯ ಅಂಚನ್ನು ಬೀಳು ಬಿಡುವ, ಗೂಡುಕಟ್ಟುವ ಕಾಲದಲ್ಲಿ ಹುಲ್ಲು ಕೊಯ್ಯದಿರುವ ರೈತನಿಗೆ ಆ ನಷ್ಟವನ್ನು ವರ್ಷ ವರ್ಷ ತುಂಬಿಕೊಡುವುದು ಜಮೀನನ್ನೇ ಕೊಳ್ಳುವುದಕ್ಕಿಂತ ನಿಧಾನದ ದಾರಿ, ಆದರೆ ಅದರಲ್ಲಿ ಊರು ಉಳಿಯುತ್ತದೆ. ಕೊಳ್ಳಲೇಬೇಕಾದ ನೆಲವಿದ್ದರೆ, ಸ್ಥಳೀಯ ಸಂಸ್ಥೆ ಕಳೆದುಕೊಳ್ಳುವ ತೆರಿಗೆಗೆ, ಗೇಣಿದಾರ ಮತ್ತು ಕೂಲಿಕಾರರ ಪರಿಹಾರಕ್ಕೆ, ಬೆಂಕಿ ಹಾಗೂ ಕಳೆ ನಿಯಂತ್ರಣಕ್ಕೆ, ಬೇಲಿಯಾಚೆಯ ಮಂದೆಗಳಿಗಾಗುವ ನಷ್ಟಕ್ಕೆ ಬೇಕಾಗುವ ಹಣವನ್ನು ಖರೀದಿಯ ದಿನವೇ ತೆಗೆದಿಡಬೇಕು, ಅದರ ಲೆಕ್ಕವನ್ನು ಆ ಊರಿನವರ ಮುಂದೆ ಇಟ್ಟು ಅವರ ಮತ ಕೇಳಬೇಕು.