ವನ್ಸ್ ಮೋರ್ ಅಂತಿದ್ದ ಊರಾಗ ಹತ್ತು ಸೆಕೆಂಡಿನ ಗುಂಡಿ

ನಿನ್ನೆ ರಾತ್ರಿಯಿಂದ ತಲಿ ಕೆಟ್ಟೈತಿ. ಬರೀದಿದ್ರ ನಿದ್ದಿ ಬರಂಗಿಲ್ಲ, ಅದಕ್ಕ ಬರ್ಯಾಕತ್ತೀನಿ. ಉದ್ದ ಆತು ಅನ್ನಾವ್ರು ಮುಂದ ಹೋಗ್ರಿ. ಮುಂದ ಹೋಗೂದು ಈಗ ಎಲ್ಲಾರಿಗೂ ಬರೋಬ್ಬರಿ ಬರ್ತೈತಿ.

ಅಕ್ಕನ ಮಗ ಬೆಂಗಳೂರಿಂದ ಹುಬ್ಬಳ್ಳಿಗೆ ಬಂದಾನ. ಗಿರ್ಮಿಟ್ ತಿನ್ಕೋತ ಇಬ್ರೂ ಟಿವಿ ಮುಂದ ಕುಂತ್ವಿ. ನಾನ ಹಟಾ ಹಿಡದು ‘ಫ್ಲೈಟ್ ಆಫ್ ದ ಕಾಂಕರ್ಡ್ಸ್’ ಅನ್ನೋ ಹಾಡು ತುಂಬಿದ ಇಂಗ್ಲಿಷ್ ಕಾಮಿಡಿ ಸೀರಿಯಲ್ ಹಚ್ಚಿಸಿದೆ. ನಿಮಗ ಗೊತ್ತೈತಲ್ಲ, ವರ್ಷಕ್ಕೊಮ್ಮೆ ಯಾರನ್ನರ ಹಿಡ್ಕೊಂಡು ಅದನ್ನ ತೋರಿಸೋ ಚಟಾ ನನಗ. 2007ರಾಗ ಅಮೆರಿಕಾದ ಎಚ್‌ಬಿಓ ಚಾನೆಲ್ಲಿನ್ಯಾಗ ಶುರುವಾತು, ಎರಡ ಸೀಸನ್, 22 ಕಂತು, ಮುಗೀತು. ನ್ಯೂಜಿಲೆಂಡಿನ ಇಬ್ರು, ಬ್ರೆಟ್ ಮತ್ತ ಜಮೇನ್, ಹಾಡಿ ಹೆಸರು ಮಾಡ್ತೀವಿ ಅಂತ ನ್ಯೂಯಾರ್ಕಿಗೆ ಬಂದು ಒಂದ ಖೋಲ್ಯಾಗ ಬಿದ್ದಿರ್ತಾರ. ಅವ್ರಿಗೆ ಇರೋ ಅಭಿಮಾನಿ ಒಬ್ಬಾಕಿನ. ಮ್ಯಾನೇಜರ್ ಮರ್ರೆ ನ್ಯೂಜಿಲೆಂಡ್ ಕಾನ್ಸುಲೇಟಿನ ನೌಕರ. ಮೂರ ಮಂದಿ ಕುಂತ ಮೀಟಿಂಗಿಗೂ ಹೆಸರು ಕರದು ಹಾಜರಿ ತಗೋತಾನ, ತನ್ನ ಹೆಸರನ್ನೂ ತಾನ ಕರ್ಕೋತಾನ. (ನಾ ಮೊದಲ ನೌಕರಿ ಮಾಡಿದಲ್ಲೆ ಇಂಥಾವ ಒಬ್ಬ ಇದ್ದ. ಹೆಸರು ಬ್ಯಾಡ, ಇಲ್ಲೆ ಫ್ರೆಂಡ್ ಲಿಸ್ಟಿನ್ಯಾಗ ಅದಾನ.)

ಮೊದಲನೇ ಕಂತು, ‘ಸ್ಯಾಲಿ’. ಪಾರ್ಟಿಯೊಳಗ ಜಮೇನನ ಕಣ್ಣು ಒಬ್ಬಾಕಿ ಮ್ಯಾಲೆ ಬೀಳ್ತೈತಿ. ಆಕಿ ನೋಡಿದ್ರ ಗೆಳೆಯಾ ಬ್ರೆಟ್‌ನ ಹಳೇ ಹುಡುಗಿ. ಜಮೇನ್ ಆಕೀನ್ನ ನೋಡ್ಕೋತ ಹಾಡಾಕ ಶುರು ಮಾಡ್ತಾನ. ಅಲ್ಲೇ ನಮ್ಮ ಅಳಿಯ ರಿಮೋಟ್ ತಗೊಂಡು ಹತ್ತು ಸೆಕೆಂಡ್ ಮುಂದ ಓಡ್ಸೋ ಗುಂಡಿ ಒತ್ತಿದ. ಟಕ್. ಟಕ್. ಟಕ್.

“ಯಾಕಲೇ?” ಅಂದೆ.

“ಹಾಡ್ ರೀ ಮಾಮಾ. ಕತಿ ಮುಂದ ಹೋಗ್ಲಿ.”

ಕತಿ! ಆ ಹಾಡಿನ ಹೊರಗ ಎಲ್ಲೈತ್ಲೇ ಕತಿ? ಮಾತಾಡೂವಾಗ ಆ ಇಬ್ರೂ ಬೀಸೂಕಲ್ಲಿನಂಗ ಕುಂತಿರ್ತಾರ. ಮಾರಿ ಮ್ಯಾಲೆ ಒಂದು ಗೆರಿ ಅಲುಗಂಗಿಲ್ಲ, ಬಾಯಾಗಿಂದ ಅರ್ಧಾ ಮಾತು ಬರ್ತಾವ, ಉಳದರ್ಧಾ ಗಂಟಲದಾಗ ಕುಂಡ್ರತಾವ. ಹಾಡು ಬಂದಾಗಷ್ಟ ಹುಲಿ ಆಗ್ತಾರ. ಆ ಹುಲೀನೂ ಎಂಥಾದು? ಆಕಿ ಜಗತ್ತಿನ್ಯಾಗ ಚೆಂದ ಅನ್ನಾಕ ಧೈರ್ಯ ಸಾಲದ, ಈ ಖೋಲ್ಯಾಗ ಇದ್ದೋರೊಳಗ ಚೆಂದ ಅಂತ ಅಳದು ತೂಗಿ ಹೊಗಳ್ತಾನ. ಅಗದಿ ನಮ್ಮ ಹುಬ್ಬಳ್ಳಿ ದುರ್ಗದ ಬೈಲಿನ ಕಾಯಿಪಲ್ಲೆ ವ್ಯಾಪಾರ. ಅದನ್ನ ಹಾರಿಸಿದ್ರ ಏನ್ ನೋಡ್ತಿ, ಇಬ್ರು ಗಂಡಸ್ರು ಸೋಫಾದ ಮ್ಯಾಲೆ ಕುಂತಿದ್ದನ್ನ? ಅದಕ್ಕ ನಮ್ಮ ಮನೀನ ಸಾಕು.

ಕಡೀಕೆ ಸ್ಯಾಲಿ ಜಮೇನ್‌ನನ್ನೂ ಬಿಡ್ತಾಳ. ಆವಾಗ ಬರ್ತೈತಿ ನೋಡ್ರಿ, ನಾ ಅಳಾಕತ್ತಿಲ್ಲ ಅನ್ನೋ ಹಾಡು. ಮಳಿ ಅಂತ, ಉಳ್ಳಾಗಡ್ಡಿ ಹೆಚ್ಚಾಕತ್ತೀನಿ ಅಂತ, ಒಬ್ಬಾತಿಗೆ ಸಾಲುವಷ್ಟು ಅಡಗಿ ಮಾಡಾಕತ್ತೀನಿ ಅಂತ. ಒಬ್ಬಾತಿಗೆ! ನಗು ಬರೋದರಾಗ ಕರುಳು ಹಿಂಡ್ತೈತಿ. ಅಲ್ಲೂ ಒತ್ತಿದ ನಮ್ಮಾಂವ. ಟಕ್. ಟಕ್. ಅರ್ಧಾ ತಾಸಿನ ಕಂತು ಇಪ್ಪತ್ತು ನಿಮಿಷದಾಗ ಮುಗಿಸಿ, “ಅಷ್ಟೇನ್ ನಗು ಬರ್ಲಿಲ್ರಿ ಮಾಮಾ” ಅಂದ.

ಸಿಟ್ಟು ನೆತ್ತಿಗೇರ್ತು.

ಯಾಕಂದ್ರ ನಾವು ಯಾವ ಸೀಮಿ ಮಂದಿ? ಗರುಡ ಸದಾಶಿವರಾಯರು ಕಂಪನಿ ಕಟ್ಟಿ ನಾಟಕ ಆಡಿಸಿದ ಗದಗ ನಮ್ಮ ಅಜ್ಜನ ಊರು. ಅಜ್ಜ ಹೇಳ್ತಿದ್ದ, ಹಾಡು ಚಲೋ ಆದ್ರ ಮಂದಿ “ವನ್ಸ್ ಮೋರ್” ಅಂತ ಒದರ್ತಿದ್ರಂತ. ಸ್ಟೇಜಿನ ಮ್ಯಾಲೆ ಸತ್ತು ಬಿದ್ದ ರಾಜ ಎದ್ದು ಕುಂತು, ಹಾಡು ಇನ್ನೊಮ್ಮೆ ಹಾಡಿ, ಮತ್ತ ಸಾಯ್ತಿದ್ದನಂತ. ಕತಿ ಹಿಂದಕ್ಕ ಹೋದ್ರೂ ನಡೀತಿತ್ತು, ಹಾಡು ಹೋಗಬಾರದು. ಹೋಗ್ಲಿ, ನಮ್ಮ ಕಡೆ ಆಡೋ ಶ್ರೀಕೃಷ್ಣ ಪಾರಿಜಾತದ ಆಟದಾಗ ಹಾಡು ತಗದ್ರ ಏನ್ ಉಳೀತೈತಿ? ಗಂಡ ರುಕ್ಮಿಣಿಗೆ ಹೂವು ಕೊಟ್ಟ, ಸತ್ಯಭಾಮಾ ಸಿಟ್ಟಾದ್ಲು. ಪೇಪರಿನ್ಯಾಗ ಎರಡ ಸಾಲಿನ ಸುದ್ದಿ. ಬೆಳತನಕ ಮಂದಿ ಕೌದಿ ಹೊತಗೊಂಡು ಕುಂತಿದ್ದು ಆಕಿ ಸಿಟ್ಟಿನ ಹಾಡಿಗೆ. ಇನ್ನ ಭೀಮಸೇನ ಜೋಶಿಯವ್ರು ಅಬ್ದುಲ್ ಕರೀಂ ಖಾನರ ರೆಕಾರ್ಡ್ ಕೇಳಿ ಹುಚ್ಚಾಗಿ 1933ರಾಗ ಮನಿ ಬಿಟ್ಟು ಹೋದಾಗ ಹನ್ನೊಂದು ವರ್ಷದ ಹುಡುಗ. ಮೂರು ನಿಮಿಷದ ರೆಕಾರ್ಡಿಗೆ ಮನಿ ಬಿಟ್ಟ. ನಮ್ಮ ಅಳಿಯಗ ಮೂರು ನಿಮಿಷ ಸೋಫಾ ಬಿಡದ ಕುಂಡ್ರಾಕ ಆಗವಲ್ದು.

ಗೊತ್ತು, ಕಾಮೆಂಟಿಗೆ ಬರ್ತೀರಿ: ನಮ್ಮ ಸಿನಿಮಾದಾಗ ಹೀರೋ ಕಾರಣ ಇಲ್ಲದ ಸ್ವಿಟ್ಜರ್ಲೆಂಡಿಗೆ ಹೋಗಿ ಕುಣೀತಾನ, ಅದನ್ನ ನೋಡಿ ನೋಡಿ ಹುಡುಗ್ರಿಗೆ ಗುಂಡಿ ಒತ್ತೂದು ರೂಢಿ ಆಗೈತಿ ಅಂತ. ಖರೇ. ನಾನೂ ಒತ್ತತೀನಿ. ಆದ್ರ ಆ ಹೀರೋಗ ಹಾಡೋ ಜರೂರ ಇರಂಗಿಲ್ಲ, ಅಂವಗ ಹುಡುಗಿ ಮೊದಲ ರೀಲಿನ್ಯಾಗ ಸಿಕ್ಕಿರ್ತಾಳ. ಹಾಡಬೇಕಾದಾಂವ ಬಾಯಿ ಸತ್ತಾಂವ. ಮುಗೀತು ಆ ಮಾತು.

ಈಗ ಹೇಳಬಾರದ್ದು ಹೇಳ್ತೀನಿ. ಧಾರವಾಡದ ಕರ್ನಾಟಕ ಕಾಲೇಜಿನ್ಯಾಗ (ಕೆಸಿಡಿ) ಓದೂವಾಗ ಸಿಬಿಟಿ ಬಸ್ ಸ್ಟ್ಯಾಂಡಿನ್ಯಾಗ ದಿನಾ ಒಬ್ಬಾಕಿ ನಿಂದರ್ತಿದ್ಲು. ಒಂದ ವರ್ಷ ತಲ್ಯಾಗ ಪಲ್ಲವಿ, ಚರಣ, ತಬಲಾ ಸಮೇತ ಹಾಡು ಕಟ್ಟಿದ್ದೆ. ಒಂದಿನ ಗಟ್ಟಿ ಮನಸು ಮಾಡಿ ಹತ್ರ ಹೋದೆ. ಬಾಯಾಗಿಂದ ಬಂದಿದ್ದು, “ಉಪ್ಪಿನ ಬೆಟಗೇರಿ ಬಸ್ ಹೋತೇನ್ರಿ?”

“ಹೋತ್ರಿ” ಅಂದ್ಲು.

ಅಷ್ಟ. ನಮ್ಮ ಪ್ರೇಮ ಕತಿ ಪೂರ್ತಿ ಅಷ್ಟ. ನನಗ ಉಪ್ಪಿನ ಬೆಟಗೇರಿಯೊಳಗ ಯಾರೂ ಇಲ್ಲ. (ನಮ್ಮನಿಯಾಕಿ ಇದನ್ನ ಓದ್ತಾಳ. ಓದ್ಲಿ, ಆಕಿಗೆ ಗೊತ್ತೈತಿ, ಭಾಳ ನಕ್ಕಾಳ.) ಆ ಹುಡುಗನ ಮ್ಯಾಲೆ ಯಾರರ ಒಂದು ಕಂತು ಮಾಡಿದ್ರ, ಹಾಡು ಹಾರಿಸಿ ನೋಡಾಂವಗ ಕಾಣೂದು ಬಸ್ ಕೇಳೋ ಒಬ್ಬ ಪ್ರಯಾಣಿಕ.

ರಾತ್ರಿ ಅಳಿಯಗ ಬಯ್ದು ಮಲಗಿದೆ. ಜರಾ ಜಾಸ್ತೀನ ಬಯ್ದೆ, “ನಿನಗ ಯಾವಾಕಿ ಸಿಗತಾಳೋ ನೋಡ್ತೀನಿ” ಅಂದುಬಿಟ್ಟೆ. ಹುಡುಗ ಯಾಕೋ ಸುಮ್ಮಾದ, ಗಿರ್ಮಿಟ್ ಸೈತ ಬಿಟ್ಟು ಎದ್ದ. ನಡುರಾತ್ರಿ ಮುಂದಿನ ಖೋಲಿಯಿಂದ ವಾಟ್ಸಾಪ್ ಬಂತು: “ಮಾಮಾ, ಆ ಉಳ್ಳಾಗಡ್ಡಿ ಹಾಡು ಎಷ್ಟನೇ ನಿಮಿಷಕ್ಕ ಬರ್ತೈತ್ರಿ?”

ನೋಡೀನಿ. ನೀಲಿ ಗೆರಿ ಬಿದ್ದಾವ. ಉತ್ತರಾ ಕೊಟ್ಟಿಲ್ಲ. ಮೊದಲಿಂದ ನೋಡ್ಲಿ ಮಗ.